ಮೂರು ಮನೆಯವರು ಕೂಡಿ ಮುಂಬೈ ನೋಡಿದ ಬಗೆ

ವಿಜಯಪುರದಿಂದ ಮುಂಬೈ ನೋಡಲು ಹೊರಡುವವರು ಸಾಮಾನ್ಯವಾಗಿ ಮೊದಲು ಸ್ಥಳಗಳ ಒಂದು ಉದ್ದನೆಯ ಯಾದಿ ಮಾಡಿಕೊಳ್ಳುತ್ತಾರೆ. ಆಮೇಲೆ ಆ ಯಾದಿಯನ್ನು ಮುಗಿಸುವುದರಲ್ಲೇ ಪ್ರವಾಸ ಮುಗಿದುಹೋಗುತ್ತದೆ. ನಮ್ಮ ಮನೆ, ತಂಗಿಯ ಮನೆ, ಗೆಳೆಯನ ಮನೆ ಹೀಗೆ ಮೂರು ಮನೆಯವರು ಕೂಡಿ ಹೊರಟಾಗ ಗುಂಪಿನಲ್ಲಿ ಎಪ್ಪತ್ತು ದಾಟಿದ ಅವ್ವ, ಮೊಣಕಾಲು ನೋವಿನ ಗೆಳೆಯನ ತಾಯಿ, ಒಂದನೆಯ ಇಯತ್ತೆಯ ಸೋದರಳಿಯ ಎಲ್ಲರೂ ಇದ್ದರು. ಆದ್ದರಿಂದ ನಾವು ಯಾದಿಯನ್ನು ಬದಿಗಿಟ್ಟು ನಕಾಶೆ ಹರಡಿಕೊಂಡು ಕುಳಿತೆವು ಮತ್ತು ಹೊರಡುವ ಮುನ್ನವೇ ಎಲ್ಲರ ಒಪ್ಪಿಗೆಯಿಂದ ಕೆಲವು ಕರಾರು ಮಾಡಿಕೊಂಡೆವು. ಒಂದು ದಿನಕ್ಕೆ ಒಂದೇ ದಿಕ್ಕು, ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಕಾಲಿಗೆ ತಕ್ಕಷ್ಟೇ ದಾರಿ, ಎಲ್ಲರೂ ಎಲ್ಲವನ್ನೂ ನೋಡಲೇಬೇಕೆಂಬ ಹಟ ಯಾರಿಗೂ ಇರಕೂಡದು. ಮುಂದೆ ನಮಗೆ ಅನುಕೂಲವಾದದ್ದೆಲ್ಲ ಈ ಕರಾರಿನಿಂದಲೇ ಆಯಿತೆಂದು ನನ್ನ ಎಣಿಕೆ.

ರೈಲಿನ ವಿಷಯವನ್ನು ಮೊದಲು ಹೇಳುತ್ತೇನೆ. ಗದಗ ಕಡೆಯಿಂದ ಬಂದು ನಮ್ಮೂರಿನ ಮೂಲಕ ಸೊಲ್ಲಾಪುರ, ಪುಣೆ ಹಾಯ್ದು ಹೋಗುವ ರಾತ್ರಿಯ ರೈಲಿನಲ್ಲಿ ಮಲಗಿದರೆ ನೇರವಾಗಿ ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನಲ್ಲಿಯೇ ಇಳಿಯಬಹುದು. ಮುಂಗಡ ಕಾಯ್ದಿರಿಸುವ ಅವಧಿ ಮೊದಲು 120 ದಿನಗಳಿದ್ದದ್ದು 2024ರ ನವೆಂಬರಿನಿಂದ 60 ದಿನಗಳಿಗೆ ಇಳಿದಿದೆ. ದೀಪಾವಳಿಯ ಸೂಟಿಗೆ ಹೋಗುವವರು ಆ ಅರವತ್ತನೆಯ ದಿನ ಬೆಳಿಗ್ಗೆಯೇ ಕುಳಿತುಕೊಳ್ಳಬೇಕು. ಒಂದು ಟಿಕೆಟಿನಲ್ಲಿ ಆರು ಜನರಿಗೆ ಮಾತ್ರ ಅವಕಾಶವಿರುವುದರಿಂದ ದೊಡ್ಡ ಗುಂಪು ಹೇಗೂ ಒಡೆಯುತ್ತದೆ. ಹಾಗೆ ಒಡೆಯುವಾಗ ಹಿರಿಯರನ್ನು ಬೇರೆಯಾಗಿ ತೆಗೆಯುವುದು ಲೇಸು. ಅರವತ್ತು ದಾಟಿದ ಗಂಡಸರಿಗೆ ಮತ್ತು ನಲವತ್ತೈದು ದಾಟಿದ ಹೆಂಗಸರಿಗೆ ಮೀಸಲಾದ ಕೆಳಗಿನ ಬರ್ತ್‌ನ ಕೋಟಾ ಒಬ್ಬರು ಅಥವಾ ಇಬ್ಬರೇ ಇರುವ ಟಿಕೆಟಿಗೆ ಅನ್ವಯಿಸುತ್ತದೆ. ನಾವು ಅವ್ವ ಮತ್ತು ಗೆಳೆಯನ ತಾಯಿಯನ್ನು, ಅಂದರೆ ನಾವೆಲ್ಲ ಅಮ್ಮಿ ಎಂದೇ ಕರೆಯುವವರನ್ನು, ಒಂದೇ ಟಿಕೆಟಿನಲ್ಲಿ ಕೂಡಿಸಿದೆವು. ಇಬ್ಬರಿಗೂ ಕೆಳಗಿನ ಬರ್ತ್ ಸಿಕ್ಕಿತು. ಸೊಲ್ಲಾಪುರ ಬರುವವರೆಗೆ ಇಬ್ಬರೂ ಮಾತು ನಿಲ್ಲಿಸಲಿಲ್ಲ. ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳಿನ ಚಟ್ನಿ, ಶೇಂಗಾ ಹೋಳಿಗೆ ಕಟ್ಟಿಕೊಂಡಿದ್ದೆವು. ಇವು ಕೆಡುವುದಿಲ್ಲವಾದ್ದರಿಂದ ಮುಂಬೈಯಲ್ಲಿ ಬೆಳಗಿನ ನಾಷ್ಟಾದ ಚಿಂತೆಯೂ ಬಹುಮಟ್ಟಿಗೆ ತಪ್ಪಿತು.

ವಸತಿಯನ್ನು ಫೋರ್ಟ್ ಭಾಗದಲ್ಲಿ, ನಿಲ್ದಾಣಕ್ಕೆ ನಡೆದುಹೋಗುವಷ್ಟು ಹತ್ತಿರದಲ್ಲಿ ಹಿಡಿದೆವು. ಉಪನಗರಗಳಲ್ಲಿ ಬಾಡಿಗೆ ಕಡಿಮೆಯೆಂದು ಹಲವರು ಹೇಳಿದ್ದರು, ಆದರೆ ನೋಡುವ ಸ್ಥಳಗಳ ಬಹುಪಾಲು ದಕ್ಷಿಣದಲ್ಲಿದ್ದು, ಬೆಳಿಗ್ಗೆ ಇಡೀ ಊರು ದಕ್ಷಿಣಕ್ಕೂ ಸಂಜೆ ಇಡೀ ಊರು ಉತ್ತರಕ್ಕೂ ನುಗ್ಗುವಾಗ ಮುದುಕರು ಮಕ್ಕಳನ್ನು ಕಟ್ಟಿಕೊಂಡು ಆ ನೂಕುನುಗ್ಗಲಿನಲ್ಲಿ ಸಿಲುಕುವುದಕ್ಕಿಂತ ಕೋಣೆಗೆ ಸ್ವಲ್ಪ ಹೆಚ್ಚು ಕೊಡುವುದೇ ಅಗ್ಗವೆಂದು ನಾನು ವಾದಿಸಿದೆ. ಇನ್ನೊಂದು ವಿಷಯವನ್ನೂ ತಿಳಿದಿರಬೇಕು. ದಕ್ಷಿಣ ಮುಂಬೈಯಲ್ಲಿ ಆಟೊ ಓಡುವುದಿಲ್ಲ. ಅಲ್ಲಿ ಟ್ಯಾಕ್ಸಿಯೇ ಗತಿ, ಅದರಲ್ಲಿ ನಾಲ್ವರು ಮಾತ್ರ. ಆದ್ದರಿಂದ ಪ್ರತಿ ಟ್ಯಾಕ್ಸಿಯಲ್ಲಿಯೂ ಹಿಂದಿ ಅಥವಾ ಮರಾಠಿ ಬಲ್ಲ ಒಬ್ಬರು ಇರುವಂತೆ ಗುಂಪನ್ನು ಮೊದಲೇ ಹಂಚಿಕೊಂಡಿದ್ದೆವು. ನಮ್ಮ ಕಡೆಯವರಿಗೆ ಇದೇನು ಕಷ್ಟದ ಮಾತಲ್ಲ.

ಮೊದಲ ದಿನದ ದಿಕ್ಕು ನಡೆದು ನೋಡುವಂಥದ್ದು. ಇಳಿದ ನಿಲ್ದಾಣವನ್ನೇ ಮರಳಿ ಹೋಗಿ ಎದುರಿನ ರಸ್ತೆಯಿಂದ ನೋಡಬೇಕು. ಎಫ್. ಡಬ್ಲ್ಯು. ಸ್ಟೀವನ್ಸ್ ರೂಪಿಸಿದ ಈ ಕಟ್ಟಡ 1878ರಲ್ಲಿ ಆರಂಭವಾಗಿ 1888ರಲ್ಲಿ ಮುಗಿಯಿತು, 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಎದುರಿಗಿರುವ ಮಹಾನಗರಪಾಲಿಕೆಯ ಕಟ್ಟಡವೂ ಅದೇ ಸ್ಟೀವನ್ಸ್‌ನ ಕೆಲಸ. ಆದರೆ ವಿಜಯಪುರದವರು ತಪ್ಪದೆ ನೋಡಬೇಕಾದದ್ದು ನಿಲ್ದಾಣದ ಮಗ್ಗುಲಲ್ಲೇ ಇದೆ. ಪ್ರವಾಸಿಗರ ಯಾದಿಗಳಲ್ಲಿ ಅಷ್ಟಾಗಿ ಕಾಣದ ಮುಂಬೈಯ ಪ್ರಧಾನ ಅಂಚೆ ಕಚೇರಿ ಅದು. 1904ರಿಂದ 1913ರವರೆಗೆ ಜಾನ್ ಬೆಗ್ ಎಂಬ ವಾಸ್ತುಶಿಲ್ಪಿ ಕಟ್ಟಿಸಿದ ಈ ಕಚೇರಿಯ ಗುಮ್ಮಟಕ್ಕೆ ಮಾದರಿ ನಮ್ಮ ಗೋಳಗುಮ್ಮಟ. ಹುಟ್ಟಿದಂದಿನಿಂದ ಮನೆಯ ಮಾಳಿಗೆ ಏರಿದರೆ ಕಾಣುತ್ತಿದ್ದ ಕಟ್ಟಡದ ನೆನಪನ್ನು ಇನ್ನೊಂದು ರಾಜ್ಯದ ರಾಜಧಾನಿಯ ನಡುವೆ ಕಾಣುವಾಗ ಆಗುವ ಅಭಿಮಾನವನ್ನು ನಾನು ಮುಚ್ಚಿಡಲಾರೆ.

ಒಳಗೆ ಹೋದರೆ ಅದು ಈಗಲೂ ದುಡಿಯುತ್ತಿರುವ ಕಚೇರಿ. ನಡುವಿನ ದೊಡ್ಡ ಹಜಾರದ ಮೇಲೆ ಗುಮ್ಮಟ, ಅದರ ಕೆಳಗೆ ಕೌಂಟರುಗಳು, ಸ್ಪೀಡ್ ಪೋಸ್ಟಿನ ಸರದಿ, ರಬ್ಬರ್ ಮೊಹರಿನ ಸದ್ದು. ಅವ್ವ ಕಂಬಕ್ಕೆ ಆತು ನಿಂತು ಬಹಳ ಹೊತ್ತು ಮೇಲೆ ನೋಡಿದಳು. ಕೊನೆಗೆ, “ನಮ್ಮ ಗುಮ್ಮಟದ ಮರಿ ಇದ್ದಂಗ ಐತಿ ನೋಡೊ ತಮ್ಮಾ. ಆದ್ರ ಇದಕ್ಕಿನ್ನೂ ದನಿ ಬಂದಿಲ್ಲ” ಎಂದಳು. ಅವಳ ಮಾತು ಮುಗಿಯುವ ಮೊದಲೇ ಸೋದರಳಿಯ ಚಪ್ಪಾಳೆ ತಟ್ಟಿ ಪರೀಕ್ಷೆ ಮಾಡಿಯೂಬಿಟ್ಟನು. ನಮ್ಮೂರಿನಲ್ಲಿ ಒಂದು ಸದ್ದು ಏಳು ಸಲವಾದರೂ ಮರಳಿ ಕೇಳಿಸುತ್ತದೆ. ಇಲ್ಲಿ ಕೌಂಟರಿನ ಹಿಂದಿದ್ದವರು ತಲೆಯೆತ್ತಿ ನೋಡಿದ್ದಷ್ಟೇ ಉತ್ತರ. ಅವರಲ್ಲಿಯೇ ಪೋಸ್ಟ್ ಕಾರ್ಡ್ ಕೊಂಡು ಮಕ್ಕಳ ಕೈಯಿಂದ ತಂತಮ್ಮ ಶಾಲೆಯ ಗುರುಗಳಿಗೆ ಒಂದೊಂದು ಬರೆಸಿದೆವು.

ಮರುದಿನ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದಲ್ಲಿ ಇದೇ ಎಳೆ ಮುಂದುವರಿಯಿತು. ಜಾರ್ಜ್ ವಿಟ್ಟೆಟ್ ರೂಪಿಸಿದ ಈ ಕಟ್ಟಡಕ್ಕೆ 1905ರಲ್ಲಿ ಅಡಿಗಲ್ಲು ಬಿದ್ದು, ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರ ಆಸ್ಪತ್ರೆಯಾಗಿ ಬಳಕೆಯಾಗಿ, 1922ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ನಡುಹಜಾರದಲ್ಲಿ ನಿಂತು ಕತ್ತೆತ್ತಿದರೆ ಒಂದನ್ನೊಂದು ಕತ್ತರಿಸಿ ಹಾಯುವ ಕಮಾನುಗಳು ಕಾಣುತ್ತವೆ. ಚೌಕ ಕೋಣೆಯ ಮೇಲೆ ದುಂಡು ಗುಮ್ಮಟವನ್ನು ಕೂಡಿಸುವುದು ಹೇಗೆ ಎಂಬ ಪ್ರಶ್ನೆಗೆ 1656ರ ಹೊತ್ತಿಗೆ ನಮ್ಮ ಗೋಳಗುಮ್ಮಟದ ಗೌಂಡಿಗಳು ಕೊಟ್ಟ ಉತ್ತರವೇ ಅದು. ಅಲ್ಲಿ ಆ ಕಮಾನುಗಳು ಸುಮಾರು 44 ಮೀಟರ್ ಹೊರವ್ಯಾಸದ ಗುಮ್ಮಟವನ್ನು ನಡುವೆ ಒಂದು ಕಂಬವೂ ಇಲ್ಲದಂತೆ ಹೊತ್ತಿವೆ. ನಮ್ಮ ಮಕ್ಕಳು ಗೋಳಗುಮ್ಮಟದಲ್ಲಿ ಕೂಗುವುದನ್ನಷ್ಟೇ ಕಲಿತಿದ್ದರು. ಕಮಾನುಗಳನ್ನು ಎಣಿಸುವುದನ್ನು ಕಲಿತದ್ದು ಮುಂಬೈಯಲ್ಲಿ. ಸಂಗ್ರಹಾಲಯದ ಎಲ್ಲ ಮಹಡಿಗಳನ್ನು ನೋಡಲು ಹೋಗಲಿಲ್ಲ. ಶಿಲ್ಪಗಳ ಭಾಗ ಮತ್ತು ಮಕ್ಕಳು ಕೇಳಿದ ಪ್ರಾಣಿಪಕ್ಷಿಗಳ ಭಾಗ ಮುಗಿಸಿ ಹೊರಗಿನ ತೋಟದಲ್ಲಿ ಕುಳಿತೆವು.

ಗೇಟ್‌ವೇ ಆಫ್ ಇಂಡಿಯಾ ಅಲ್ಲಿಂದ ನಡೆದುಹೋಗುವಷ್ಟು ದೂರದಲ್ಲಿದೆ. ಐದನೆಯ ಜಾರ್ಜ್ 1911ರಲ್ಲಿ ಬಂದಿಳಿದ ನೆನಪಿಗೆ ಕಟ್ಟಿ 1924ರಲ್ಲಿ ತೆರೆದ ಈ ದ್ವಾರದ ಮೂಲಕವೇ 1948ರ ಫೆಬ್ರವರಿಯಲ್ಲಿ ಬ್ರಿಟಿಷರ ಕೊನೆಯ ಸೈನ್ಯದ ತುಕಡಿ ಹೊರಟುಹೋಯಿತು. ಎಲಿಫೆಂಟಾ ದ್ವೀಪದ ಗುಹೆಗಳಿಗೆ ದೋಣಿಗಳು ಹೊರಡುವುದೂ ಇಲ್ಲಿಂದಲೇ. ಆ ಗುಹೆಗಳಿಗೆ ಸೋಮವಾರ ರಜೆಯಿರುವುದರಿಂದ ದಿನವನ್ನು ಅದಕ್ಕೆ ತಕ್ಕಂತೆ ಇಟ್ಟುಕೊಳ್ಳಬೇಕು. ಮಳೆಗಾಲದಲ್ಲಿ ಸಮುದ್ರ ಕೆರಳಿದರೆ ದೋಣಿಗಳು ನಿಲ್ಲುತ್ತವೆ. ಸುಮಾರು ಒಂದು ತಾಸಿನ ಪ್ರಯಾಣ, ಆಮೇಲೆ ಅಂಗಡಿಗಳ ಸಾಲಿನ ನಡುವೆ ನೂರಿಪ್ಪತ್ತರಷ್ಟು ಮೆಟ್ಟಿಲು. ನಮ್ಮ ಕರಾರು ಇಲ್ಲಿ ಕೆಲಸಕ್ಕೆ ಬಂತು. “ನಾ ಇಲ್ಲೇ ದಂಡಿ ಮ್ಯಾಲ ಕುಂದ್ರತೀನಿ, ನೀವು ಹೋಗಿ ಬರ್ರಿ” ಎಂದು ಅಮ್ಮಿ ತಾವಾಗಿಯೇ ಹೇಳಿದರು. ಜೊತೆಗೆ ತಂಗಿ ಉಳಿದಳು. ಯಾರಿಗೂ ಬೇಸರವಾಗಲಿಲ್ಲ, ಯಾರೂ ಒತ್ತಾಯಿಸಲೂ ಇಲ್ಲ. ಮೆಟ್ಟಿಲು ಏರಲಾರದವರನ್ನು ಹೊತ್ತೊಯ್ಯುವ ಡೋಲಿಗಳು ಅಲ್ಲಿ ಸಿಗುತ್ತವೆ, ಆದರೆ ನನ್ನ ಅವ್ವ “ಮಂದಿ ಹೆಗಲ ಮ್ಯಾಲ ಈಗ ಯಾಕ ಹೋಗ್ಲಿ” ಎಂದು ಒಂದೊಂದು ಅಂಗಡಿಯ ಮುಂದೆ ನಿಂತು ದಣಿವಾರಿಸಿಕೊಳ್ಳುತ್ತ ತಾನೇ ಏರಿದಳು. ಮಂಗಗಳು ಕೈಯಲ್ಲಿರುವ ತಿನಿಸನ್ನು ಕಸಿಯುವುದರಿಂದ ಬುತ್ತಿಯ ಚೀಲವನ್ನು ಅಮ್ಮಿಯ ಬಳಿಯಲ್ಲಿಯೇ ಬಿಟ್ಟಿದ್ದೆವು.

ಬಾದಾಮಿಯನ್ನು ಕಂಡ ಕಣ್ಣಿಗೆ ಎಲಿಫೆಂಟಾ ಹೊಸದಲ್ಲ, ಆದರೆ ಬೇರೆಯದು. ಬಾದಾಮಿಯ ಕೆಂಪು ಮರಳುಗಲ್ಲಿನಲ್ಲಿ ಹದಿನೆಂಟು ಕೈಗಳ ನಟರಾಜ ಬಿಸಿಲಿಗೆ ಮುಖಮಾಡಿ ಹೊರಗೇ ಕುಣಿಯುತ್ತಾನೆ. ಇಲ್ಲಿಯ ಕರಿಯ ಬಸಾಲ್ಟ್ ಕಲ್ಲಿನಲ್ಲಿ ಸುಮಾರು ಇಪ್ಪತ್ತು ಅಡಿ ಎತ್ತರದ ಮೂರು ಮುಖದ ಸದಾಶಿವ ಕತ್ತಲೆಯ ಒಳಗೋಡೆಯಲ್ಲಿದ್ದಾನೆ, ಕಣ್ಣು ಹೊಂದಿಕೊಂಡ ಮೇಲೆಯೇ ಪೂರ್ತಿ ಕಾಣುತ್ತಾನೆ. ಅರ್ಧನಾರೀಶ್ವರನು ಎರಡೂ ಕಡೆ ಇದ್ದಾನೆ. ದ್ವೀಪದ ಊರಿನ ಹೆಸರು ಘಾರಾಪುರಿ. ಪುಲಿಕೇಶಿಯು ನೌಕಾಪಡೆಯೊಂದಿಗೆ ಗೆದ್ದ ಪುರಿಯೆಂಬ ನಗರದ ಮಾತು 634ರ ಐಹೊಳೆಯ ಶಾಸನದಲ್ಲಿ ಬರುತ್ತದೆ. ಆ ಪುರಿ ಇದೇ ದ್ವೀಪವೆಂದು ಕೆಲವು ಇತಿಹಾಸಕಾರರು ಗುರುತಿಸುತ್ತಾರೆ. ಹುನಗುಂದ ತಾಲೂಕಿನ ಶಾಸನವೊಂದನ್ನು ಸಮುದ್ರದ ನಡುವೆ ನಿಂತು ಮಕ್ಕಳಿಗೆ ಹೇಳುವ ಸಂದರ್ಭ ಮತ್ತೆಲ್ಲಿ ಸಿಕ್ಕೀತು? ದ್ವೀಪಕ್ಕೆ ಪೋರ್ಚುಗೀಸರಿಂದ ಎಲಿಫೆಂಟಾ ಎಂಬ ಹೆಸರು ಬರಲು ಕಾರಣವಾದ ಕಲ್ಲಾನೆ ಮಾತ್ರ ಈಗ ಅಲ್ಲಿಲ್ಲ. ಬೈಕುಲಾದಲ್ಲಿ ಭಾವು ದಾಜಿ ಲಾಡ್ ಸಂಗ್ರಹಾಲಯದ ಬಳಿ ಇದೆ. ಮಕ್ಕಳನ್ನು ಪೆಂಗ್ವಿನ್ ತೋರಿಸಲು ಅಲ್ಲಿನ ರಾಣಿ ಬಾಗಕ್ಕೆ ಕರೆದೊಯ್ದ ದಿನ ಅದನ್ನೂ ನೋಡಿದೆವು. ಬುಧವಾರ ಅಲ್ಲಿಗೆ ಹೋಗಬೇಡಿ, ಬಾಗಿಲು ಮುಚ್ಚಿರುತ್ತದೆ.

ಇನ್ನೊಂದು ದಿನದ ದಿಕ್ಕು ಎರಡು ಮನೆಗಳ ಹರಕೆಯದು. ಮಹಾಲಕ್ಷ್ಮಿ ಗುಡಿಯೂ ಹಾಜಿ ಅಲಿ ದರ್ಗಾವೂ ಒಂದೇ ಕಡಲಂಚಿನಲ್ಲಿ ಹತ್ತಿರ ಹತ್ತಿರ ಇವೆ. ದರ್ಗಾಕ್ಕೆ ಹೋಗುವ ಕಾಲುದಾರಿ ಭರತದ ವೇಳೆಯಲ್ಲಿ ನೀರಿನಡಿ ಮುಳುಗುತ್ತದೆ, ಇಳಿತದಲ್ಲಿ ತೆರೆದುಕೊಳ್ಳುತ್ತದೆ. ಆ ವೇಳೆ ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಸರಿಯುತ್ತದೆ. ಸಮುದ್ರ ಕಾಣದ ನಮ್ಮಂಥವರು ಹೊರಡುವ ಮುನ್ನ ಅಂದಿನ ವೇಳೆಯನ್ನು ಮೊಬೈಲಿನಲ್ಲಿ ನೋಡಿಕೊಳ್ಳಲೇಬೇಕು. ಅಂದು ಇಳಿತ ಮಧ್ಯಾಹ್ನಕ್ಕೆ ಇದ್ದುದರಿಂದ ಮೊದಲು ಗುಡಿ, ಆಮೇಲೆ ದರ್ಗಾ ಎಂದು ಗೊತ್ತುಮಾಡಿದೆವು. ಅಮ್ಮಿ ಕಾಲುದಾರಿಯ ಉದ್ದಕ್ಕೂ ಅವ್ವನ ಕೈ ಹಿಡಿದೇ ನಡೆದರು. ಸಿದ್ಧಿವಿನಾಯಕನ ಗುಡಿಗೆ 2025ರ ಅಕ್ಟೋಬರಿನಲ್ಲಿ ಪೂರ್ತಿಯಾಗಿ ತೆರೆದ ನೆಲದಡಿಯ ಮೆಟ್ರೋದಲ್ಲಿ ಹೋದೆವು. ಗುಡಿಯ ಹೆಸರಿನದೇ ನಿಲ್ದಾಣವಿದೆ, ಲಿಫ್ಟ್ ಇದೆ, ಮಂಗಳವಾರ ಬಿಟ್ಟರೆ ಗದ್ದಲ ತಡೆಯಬಹುದು.

ಲೋಕಲ್ ರೈಲು ಹತ್ತದೆ ಮುಂಬೈ ನೋಡಿದಂತಾಗುವುದಿಲ್ಲವೆಂದು ಮಕ್ಕಳು ಪಟ್ಟು ಹಿಡಿದಿದ್ದರು. ಅದಕ್ಕೆ ಬೆಳಗಿನ ಹನ್ನೊಂದರಿಂದ ಸಂಜೆ ನಾಲ್ಕರ ನಡುವಿನ ಹೊತ್ತನ್ನೇ ಆರಿಸಿ, ರೈಲು ಹುಟ್ಟುವ ನಿಲ್ದಾಣದಲ್ಲಿಯೇ ಹತ್ತಿದೆವು. ಹೀಗೆ ಮಾಡಿದರೆ ಕೂಡಲು ಜಾಗ ಸಿಗುತ್ತದೆ. ನಡುವಿನ ನಿಲ್ದಾಣಗಳಲ್ಲಿ ರೈಲು ಅರ್ಧ ನಿಮಿಷವೂ ನಿಲ್ಲುವುದಿಲ್ಲವಾದ್ದರಿಂದ ಒಂದು ನಿಯಮವನ್ನು ಎಲ್ಲರಿಗೂ ಬಾಯಿಪಾಠ ಮಾಡಿಸಿದ್ದೆ. ಯಾರಾದರೂ ಕೆಳಗುಳಿದರೆ ಅವರು ಅದೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿರಬೇಕು, ಮುಂದೆ ಹೋದವರು ಮುಂದಿನ ನಿಲ್ದಾಣದಲ್ಲಿ ಇಳಿದು ಮರಳಿ ಬರಬೇಕು. ಇಬ್ಬರೂ ಹುಡುಕಲು ಹೊರಡಬಾರದು. ಇಳಿದದ್ದು ಮಾಟುಂಗಾದಲ್ಲಿ. 2017ರಿಂದ ಹೆಂಗಸರೇ ನಡೆಸುವ ಈ ನಿಲ್ದಾಣವನ್ನು ನನ್ನ ಹೆಂಡತಿ ಮತ್ತು ತಂಗಿ ಗುಡಿ ನೋಡಿದಷ್ಟೇ ಆಸ್ಥೆಯಿಂದ ನೋಡಿದರು. ಪಕ್ಕದಲ್ಲೇ 1942ರಿಂದ ನಡೆದುಬಂದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಸರದಿಯಲ್ಲಿ ಕಾಯ್ದು ಬಾಳೆಯೆಲೆಯ ಊಟ ಮಾಡಿದೆವು. ಸಾರು ಸಿಹಿಯೆಂದು ಅವ್ವ ಮೂಗು ಮುರಿದು, ಸೆರಗಿನ ಗಂಟಿನಿಂದ ಗುರೆಳ್ಳಿನ ಚಟ್ನಿಯ ಪೊಟ್ಟಣ ಬಿಚ್ಚಿದಳು. ಬಡಿಸುವವರು ಕನ್ನಡದಲ್ಲಿಯೇ “ಇನ್ನೊಂದು ಸ್ವಲ್ಪ ಅನ್ನ ಹಾಕಲಾ ಅಮ್ಮಾ?” ಎಂದು ಕೇಳಿದ ಮೇಲೆ ಅದೇ ಸಾರನ್ನು ಎರಡನೆಯ ಸಲ ಹಾಕಿಸಿಕೊಂಡಳು.

ಹಣದ ವಿಷಯವನ್ನು ಮೂರು ಮನೆಯವರು ಸಮನಾಗಿ ಪಟ್ಟಿ ಹಾಕಿ ಒಂದೇ ಚೀಲದಲ್ಲಿ ಇಟ್ಟು, ಒಂಬತ್ತನೆಯ ಇಯತ್ತೆಯ ನನ್ನ ಮಗಳಿಗೆ ಒಪ್ಪಿಸಿದ್ದೆವು. ಟ್ಯಾಕ್ಸಿ, ಟಿಕೆಟು, ಊಟ ಎಲ್ಲವೂ ಆ ಚೀಲದಿಂದಲೇ. ಸ್ವಂತದ ಖರೀದಿ ಮಾತ್ರ ಅವರವರದು. ದೊಡ್ಡವರು ಲೆಕ್ಕ ಹಿಡಿದಿದ್ದರೆ ದಾಕ್ಷಿಣ್ಯಕ್ಕೆ ಬಿದ್ದು ಕೆಲವನ್ನು ಬರೆಯದೆ ಬಿಡುತ್ತಿದ್ದರು, ಅವಳು ಕುಡಿಯುವ ನೀರಿನ ಬಾಟಲಿಯನ್ನೂ ಬಿಡಲಿಲ್ಲ. ಕೊನೆಯ ದಿನಕ್ಕೆ ಯಾವ ದಿಕ್ಕನ್ನೂ ಇಡಲಿಲ್ಲ. ಬೀಗ ಹಾಕಿದ ಚೀಲಗಳನ್ನು ನಿಲ್ದಾಣದ ಕ್ಲೋಕ್ ರೂಮಿಗೆ ಒಪ್ಪಿಸಿದ ಮೇಲೆ (ಬೀಗವಿಲ್ಲದ್ದನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ) ಹೆಂಗಸರು ಕ್ರಾಫರ್ಡ್ ಮಾರುಕಟ್ಟೆಗೆ ಹೋದರು, ನಾನು ಮತ್ತು ಗೆಳೆಯ ಮಕ್ಕಳನ್ನು ಕಟ್ಟಿಕೊಂಡು ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕುಳಿತೆವು. ರಾತ್ರಿ ರೈಲು ಕಲ್ಯಾಣ ದಾಟುವ ಮೊದಲೇ ಮಗಳು ವಹಿ ಬಿಚ್ಚಿ ಉಳಿದ ಹಣವನ್ನು ಮೂರು ಪಾಲು ಮಾಡಿ ಹಂಚಿದಳು. ಪಾಲಿಗೆ ಬಾರದ ಚಿಲ್ಲರೆಯಲ್ಲಿ ಎಲ್ಲರೂ ಚಹಾ ಕುಡಿದೆವು.