‘ಅಸ್ಪಷ್ಟ’ ಎಂದು ಬರೆಯುವ ಮುಂಚೆ

ವಿಜಯಪುರದಲ್ಲಿ ನನ್ನದು ವಕೀಲಿಕೆ. ಕರಾರು, ನೋಟಿಸು, ಕೈಫಿಯತ್ತು (ದಾವೆಗೆ ಪ್ರತಿವಾದಿ ಕೊಡುವ ಲಿಖಿತ ಉತ್ತರ) ಬರೆಯುವುದರಲ್ಲೇ ಹೆಚ್ಚು ಹೊತ್ತು ಹೋಗುತ್ತದೆ. ಕಕ್ಷಿದಾರರ ಮಾತು ಕನ್ನಡದಲ್ಲಿ, ಕಾಗದ ಎಷ್ಟೋ ಸಲ ಇಂಗ್ಲಿಷಿನಲ್ಲಿ. ಹಾಗಾಗಿ ‘ವೇಗ್’ (vague) ಎಂಬ ಇಂಗ್ಲಿಷ್ ಪದದ ಜೊತೆ ದಿನಾಲೂ ವ್ಯವಹಾರ. (ಉಚ್ಚಾರ ‘ಪ್ಲೇಗ್’ ಇದ್ದ ಹಾಗೆ, ನಮ್ಮ ‘ವೇಗ’ಕ್ಕೂ ಇದಕ್ಕೂ ನಂಟಿಲ್ಲ. ಲ್ಯಾಟಿನ್ ಮೂಲದಲ್ಲಿ ‘ಅಲೆದಾಡುವ’ ಎಂದರ್ಥ.) ನಿಘಂಟು ತೆರೆದರೆ ‘ಅಸ್ಪಷ್ಟ’ ಎನ್ನುತ್ತದೆ. ‘ಆಂಬಿಗ್ಯುಯಸ್’ (ambiguous) ಪದಕ್ಕೂ ಅದನ್ನೇ ಹೇಳಿ ಕೈತೊಳೆದುಕೊಳ್ಳುತ್ತದೆ. ಕಾಗದ ತಿದ್ದುವವನಿಗೆ ಇದು ಸಾಲದು.

ನಾನು ಇವೆರಡನ್ನು ಜೋಳ ಇಟ್ಟುಕೊಂಡು ಬೇರ್ಪಡಿಸುತ್ತೇನೆ. ‘ಸುಗ್ಗಿ ಮುಗದ ಮ್ಯಾಲ ಒಂದಿಷ್ಟು ಜ್ವಾಳ ಕೊಡ್ತೇನ್ರಿ’ ಎಂಬ ಮಾತು ವೇಗ್. ಎಷ್ಟು, ಯಾವಾಗ ಎರಡಕ್ಕೂ ಗಡಿ ಇಲ್ಲ. ‘ಮಾರ್ಚ್ 31ರೊಳಗೆ 20 ಕ್ವಿಂಟಲ್ ಜೋಳ’ ಎಂದು ಬರೆದರೆ ಆ ದೋಷ ಹೋಯಿತು. ಆದರೆ ಕೊಳ್ಳುವವರು ಬೆಂಗಳೂರು ಕಡೆಯವರೋ? ನಮಗೆ ಜೋಳವೆಂದರೆ ರೊಟ್ಟಿ ಬಡಿಯುವ ಬಿಳಿಜೋಳ. ಆ ಕಡೆ ಬಹಳ ಜನರ ಬಾಯಲ್ಲಿ ಅದು ಮುಸುಕಿನ ಜೋಳ, ನಾವು ಗೋವಿನಜೋಳ ಅನ್ನುವುದು. ತೂಕ, ತಾರೀಖು ಎಲ್ಲ ಖಚಿತ. ಆದರೂ ಮಾತಿಗೆ ಎರಡರ್ಥ. ಇದು ಆಂಬಿಗ್ಯುಯಸ್. ಮೊದಲನೆಯದಕ್ಕೆ ಅಳತೆ ಹಾಕಬೇಕು, ಎರಡನೆಯದರಲ್ಲಿ ಒಂದರ್ಥ ಆರಿಸಬೇಕು. ನಾನಂತೂ ‘ಮಾಲದಂಡಿ ಬಿಳಿಜೋಳ’ ಎಂದೇ ಬರೆಸುತ್ತೇನೆ.

1872ರ ಕರಾರು ಕಾಯ್ದೆಯ 29ನೇ ಕಲಮು ಇಲ್ಲಿ ಕೈಗೆ ಬರುತ್ತದೆ. ಅರ್ಥ ಖಚಿತವಿಲ್ಲದ, ಖಚಿತಪಡಿಸಲೂ ಬಾರದ ಕರಾರು ಶೂನ್ಯ. ಕಾಯ್ದೆಯೇ ಕೊಡುವ ಉದಾಹರಣೆ ‘ನೂರು ಟನ್ ಎಣ್ಣೆ’. ಯಾವ ಎಣ್ಣೆ ಎಂದು ತಿಳಿಯಲು ದಾರಿಯೇ ಇಲ್ಲದಿದ್ದರೆ ಕರಾರು ಬಿದ್ದುಹೋಗುತ್ತದೆ. ಮಾರುವವನು ಕೊಬ್ಬರಿ ಎಣ್ಣೆಯೊಂದನ್ನೇ ಮಾರುವ ವ್ಯಾಪಾರಿಯಾಗಿದ್ದರೆ ಅದೇ ಮಾತು ನಿಲ್ಲುತ್ತದೆ. ಅವಧಿ ಬರೆಯದಿದ್ದರೂ ಎಲ್ಲ ಕರಾರು ಬೀಳುವುದಿಲ್ಲ. ‘ಯುಕ್ತ ಸಮಯ’ದೊಳಗೆ ನಡೆಸಬೇಕು ಎನ್ನುತ್ತದೆ 46ನೇ ಕಲಮು. ಯುಕ್ತ ಎಂದರೆ ಎಷ್ಟು ದಿನ? ಕಾಯ್ದೆಯೂ ಬೇಕಾದಲ್ಲಿ ವೇಗ್ ಆಗಿಯೇ ಮಾತಾಡುತ್ತದೆ!

ಸಾಕ್ಷಿಯ ಮಾತಿಗೂ ಇದೇ ಪದ. ‘ನಸುಕಿನ್ಯಾಗ ಯಾರೋ ಹಾದು ಹೋದಂಗಾತ್ರಿ’ ಎಂದರೆ ನೆನಪು ವೇಗ್, ಆಂಬಿಗ್ಯುಯಸ್ ಅಲ್ಲ.

ಬೇಕಂತಲೇ ಮಸುಕು ಮಾಡಿದ್ದಕ್ಕೆ ನಾನು ‘ವೇಗ್’ ಬಳಸುವುದಿಲ್ಲ. ಅದು ‘ಇವೇಸಿವ್’ (evasive), ಅಂದರೆ ಜಾರಿಕೆಯ ಉತ್ತರ. 50 ಸಾವಿರ ಪಡೆದಿದ್ದಾರೆ ಎಂಬ ದಾವೆಗೆ ‘50 ಸಾವಿರ ಇಸ್ಕೊಂಡಿಲ್ರಿ’ ಅಂತಷ್ಟೇ ಕೈಫಿಯತ್ತಿನಲ್ಲಿ ಬರೆದರೆ ನಡೆಯದು. ದಿವಾಣಿ (ಸಿವಿಲ್) ಪ್ರಕ್ರಿಯಾ ಸಂಹಿತೆಯ 8ನೇ ಆದೇಶದ 4ನೇ ನಿಯಮದ ಪ್ರಕಾರ, ಆ ಹಣದಲ್ಲಿ ಯಾವ ಭಾಗವನ್ನೂ ಪಡೆದಿಲ್ಲ ಎನ್ನಬೇಕು, ಇಲ್ಲವೇ ಪಡೆದದ್ದೆಷ್ಟೆಂದು ಹೇಳಬೇಕು. ‘ಹಂಗ ಬರದ್ರ ಎಲ್ಲಾ ಒಪ್ಕೊಂಡಂಗ ಆಗೂದಿಲ್ಲೇನ್ರಿ ವಕೀಲ್ರ?’ ಎಂದು ಕಕ್ಷಿದಾರರು ಗಾಬರಿಯಾಗುತ್ತಾರೆ. ಇಲ್ರಿ ಯಜಮಾನ್ರ, 20 ಸಾವಿರ ಅಂತ ಬರೆದರೆ ಒಪ್ಪಿದ್ದು ಅಷ್ಟೇ. ನಿರ್ದಿಷ್ಟವಾಗಿ ಅಲ್ಲಗಳೆಯದೆ ಬಿಟ್ಟದ್ದನ್ನೇ 5ನೇ ನಿಯಮ ಒಪ್ಪಿಗೆ ಎಂದು ಹಿಡಿಯುವುದು.