ಕಸಿ ಮಾಡಿದ ಯಕೃತ್ತಿನ ಬಯಾಪ್ಸಿಯನ್ನು ನಾನು ಓದುವ ಬಗೆ

ಮಂಗಳೂರಿನಲ್ಲಿ ಪೆಥಾಲಜಿಸ್ಟ್ ಆಗಿರುವ ನನ್ನ ಮೇಜಿಗೆ ಕಸಿ ಮಾಡಿದ ಯಕೃತ್ತಿನ ಬಯಾಪ್ಸಿ ಬರುವುದು ಅಪರೂಪ. ಬಂದಾಗ ಜೊತೆಯ ಚೀಟಿಯಲ್ಲಿರುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ರಿಜೆಕ್ಷನ್ (ಕಸಿ ಮಾಡಿದ ಅಂಗವನ್ನು ದೇಹವೇ ತಿರಸ್ಕರಿಸುವುದು) ಆಗಿದೆಯೇ? ಬೆಂಗಳೂರಿನಲ್ಲಿ ಕಸಿ ಮಾಡಿಸಿಕೊಂಡು ಮರಳಿದ್ದ ಕಾರ್ಕಳ ಕಡೆಯ ಒಬ್ಬರದೂ ಹಾಗೆಯೇ ಬಂದಿತ್ತು. ಕಸಿಯಾಗಿ ವರ್ಷ ತುಂಬಿರಲಿಲ್ಲ. ಯಕೃತ್ತಿನ ಕಿಣ್ವಗಳು ಏರಿದ್ದವು, ಜ್ವರ ಬಿಟ್ಟು ಬಿಟ್ಟು ಬರುತ್ತಿತ್ತು, ಸ್ಕ್ಯಾನಿಂಗಿನಲ್ಲಿ ಗಡ್ಡೆಯೇನೂ ಕಂಡಿರಲಿಲ್ಲ.

ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಪಿತ್ತನಾಳ ಮತ್ತು ರಕ್ತನಾಳಗಳು ಜೊತೆಯಾಗಿ ಸಾಗುವ ಪೋರ್ಟಲ್ ಪ್ರದೇಶಗಳು ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳಿಂದ ತುಂಬಿದ್ದವು. ರಿಜೆಕ್ಷನ್‌ನಲ್ಲೂ ಮೊದಲ ನೋಟಕ್ಕೆ ಕಾಣುವುದು ಇದೇ. ಆದರೆ ಅಲ್ಲಿ ಬಗೆಬಗೆಯ ಕೋಶಗಳು ಬೆರೆತಿರುತ್ತವೆ, ನಡುನಡುವೆ ಇಯೊಸಿನೊಫಿಲ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ಸಿಗುತ್ತವೆ, ಪಿತ್ತನಾಳಗಳಿಗೂ ರಕ್ತನಾಳಗಳ ಒಳಪದರಕ್ಕೂ ಹಾನಿಯಾಗಿರುತ್ತದೆ. ಇಲ್ಲಿ ಪಿತ್ತನಾಳಗಳು ಬಹುಮಟ್ಟಿಗೆ ಕ್ಷೇಮವಾಗಿದ್ದು, ಒಂದೇ ತೆರನಾದ ದೊಡ್ಡ ಕೋಶಗಳು ಒತ್ತೊತ್ತಾಗಿ ಸೇರಿ ಪಕ್ಕದ ಯಕೃತ್ತಿನೊಳಕ್ಕೂ ನುಗ್ಗಿದ್ದವು. ನಮ್ಮ ನಾಡಿನಲ್ಲಿ ಕ್ಷಯವನ್ನು ಮರೆಯುವಂತಿಲ್ಲವಾದ್ದರಿಂದ ಅದನ್ನೂ ಹುಡುಕಿದೆ, ಕ್ಷಯದಲ್ಲಿ ಕಾಣುವ ಕೋಶಗಳ ಗುಂಪು, ಅಂದರೆ ಗ್ರಾನ್ಯುಲೋಮಾ, ಇರಲಿಲ್ಲ.

ವರದಿ ಬರೆಯುವ ಮೊದಲೇ ಚಿಕಿತ್ಸೆ ನೀಡುತ್ತಿದ್ದ ವೈದ್ಯರಿಗೆ ಫೋನ್ ಮಾಡಿ, ಸ್ಟೆರಾಯ್ಡ್ ಏರಿಸುವುದನ್ನು ತಡೆಹಿಡಿಯಲು ಕೇಳಿದೆ. ರಿಜೆಕ್ಷನ್ ಆದರೆ ರೋಗನಿರೋಧಕ ಶಕ್ತಿಯನ್ನು ಇನ್ನಷ್ಟು ತಗ್ಗಿಸಬೇಕು. ನನ್ನ ಅನುಮಾನದ ಪಿಟಿಎಲ್‌ಡಿ, ಅಂದರೆ ಕಸಿಯ ನಂತರ ಲಿಂಫೋಸೈಟ್‌ಗಳು ಲಿಂಫೋಮಾ ಎಂಬ ಕ್ಯಾನ್ಸರಿನಂತೆ ಬೆಳೆಯುವ ಕಾಯಿಲೆ, ಆಗಿದ್ದರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳನ್ನೇ ಕಡಿಮೆ ಮಾಡಬೇಕು. 1964ರಲ್ಲಿ ಪತ್ತೆಯಾದ ಎಪ್‌ಸ್ಟೈನ್-ಬಾರ್ ವೈರಸ್ ಬಹುತೇಕ ಎಲ್ಲರ ಬಿ ಲಿಂಫೋಸೈಟ್‌ಗಳಲ್ಲೂ ಸದ್ದಿಲ್ಲದೆ ಉಳಿದಿರುತ್ತದೆ. ರಿಜೆಕ್ಷನ್ ತಡೆಯಲು ಕೊಡುವ ಟ್ಯಾಕ್ರೋಲಿಮಸ್‌ನಂತಹ ಔಷಧಗಳು ಕಾವಲಿನ ಟಿ ಕೋಶಗಳ ಕೈ ಕಟ್ಟಿದಾಗ ಆ ಬಿ ಕೋಶಗಳು ಅಂಕೆಯಿಲ್ಲದೆ ಹೆಚ್ಚುತ್ತವೆ.

ಸೂಜಿ ಬಯಾಪ್ಸಿಯ ತುಣುಕು ತೀರಾ ತೆಳು. ಬ್ಲಾಕನ್ನು ಮತ್ತೆ ಮತ್ತೆ ಕತ್ತರಿಸಿದರೆ ಅಂಗಾಂಶವೇ ಮುಗಿದುಹೋಗುತ್ತದೆ. ಹಾಗಾಗಿ ಕಸಿಯ ಬಯಾಪ್ಸಿ ಎಂದು ತಿಳಿದೊಡನೆ, ಬಣ್ಣ ಹಾಕದ ಕೆಲವು ಸೀಳುಗಳನ್ನು ಆರಂಭದಲ್ಲೇ ತೆಗೆದಿಡುವಂತೆ ನಮ್ಮ ಟೆಕ್ನಿಷಿಯನ್‌ಗೆ ಹೇಳಿರುತ್ತೇನೆ. ಅವುಗಳಲ್ಲಿ ದೊಡ್ಡ ಕೋಶಗಳು ಸಿಡಿ20 (ಬಿ ಕೋಶಗಳ ಗುರುತು) ಪಾಸಿಟಿವ್, ಸಿಡಿ3 (ಟಿ ಕೋಶಗಳ ಗುರುತು) ನೆಗೆಟಿವ್ ಎಂದು ಬಂದವು. ಹೊರಗಿನ ಲ್ಯಾಬಿಗೆ ಕಳಿಸಿದ ಇಬಿಇಆರ್ ಪರೀಕ್ಷೆಯಲ್ಲಿ ಎಪ್‌ಸ್ಟೈನ್-ಬಾರ್ ವೈರಸ್ಸಿನ ಆರ್‌ಎನ್‌ಎ ಸ್ಪಷ್ಟವಾಗಿ ಕಂಡಿತು. ಇಬಿಇಆರ್ ನೆಗೆಟಿವ್ ಬಂದ ಮಾತ್ರಕ್ಕೆ ಪಿಟಿಎಲ್‌ಡಿ ಅಲ್ಲ ಎನ್ನಲಾಗದು. ಕಸಿಯಾಗಿ ಹಲವು ವರ್ಷಗಳ ಮೇಲೆ ಬರುವವುಗಳಲ್ಲಿ ವೈರಸ್ ಇಲ್ಲದಿರುವುದು ಹೆಚ್ಚು.

ಕಸಿ ತಂಡದವರು ಟ್ಯಾಕ್ರೋಲಿಮಸ್ ಇಳಿಸಿ, ಬಿ ಕೋಶಗಳನ್ನು ನಾಶಮಾಡುವ ರಿಟುಕ್ಸಿಮ್ಯಾಬ್ ಕೊಟ್ಟರು, ಜ್ವರ ನಿಂತಿತು. ಔಷಧ ಇಳಿಸಿದ್ದರಿಂದ ಈಗ ರಿಜೆಕ್ಷನ್ನಿನ ಭಯ ನಿಜವಾಗಿಯೂ ಇತ್ತು. ಆಮೇಲಿನ ಬಯಾಪ್ಸಿಯಲ್ಲಿ ದೊಡ್ಡ ಕೋಶಗಳು ಇಲ್ಲವೆಂದು ಖಚಿತವಾದ ಮೇಲೂ ಒಂದೊಂದು ಪಿತ್ತನಾಳವನ್ನೂ ಬಿಡದೆ ನೋಡಿದೆ.