‘ಮುದ್ದಾಂ’ ಬಂದೆ, ಅಂದರೆ ಅದಕ್ಕೆಂದೇ ಬಂದೆ, ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ?

ಕಲಬುರಗಿಯ ನನ್ನ ಇಂಗ್ಲಿಷ್ ತರಗತಿಯಲ್ಲಿ ಒಮ್ಮೆ ಪತ್ರ ಬರೆಸಿದ್ದೆ. ಸೇಡಂ ಕಡೆಯ ವಿದ್ಯಾರ್ಥಿನಿಯೊಬ್ಬಳು ಸೋದರಮಾವನಿಗೆ, ‘ನೀವು ಮುದ್ದಾಂ ನನ್ನನ್ನು ನೋಡಲು ಬಂದಿರಿ, ಸಂತೋಷವಾಯಿತು’ ಎಂದು ಬರೆಯಹೊರಟು, ಮುದ್ದಾಂ ಬದಲಿಗೆ ‘ಡೆಲಿಬರೇಟ್ಲಿ’ ಎಂದು ಬರೆದಿದ್ದಳು. ಅಷ್ಟು ಪ್ರೀತಿಯ ಮಾತು ಇಂಗ್ಲಿಷಿನಲ್ಲಿ ಆರೋಪದಂತೆ ಕೇಳಿಸಿತು.

ತಪ್ಪು ಅವಳದಲ್ಲ. ಮರಾಠಿಯಲ್ಲೂ ಇರುವ ಈ ‘ಮುದ್ದಾಂ’ ನಮ್ಮ ಕಡೆ ಎರಡು ಕೆಲಸ ಮಾಡುತ್ತದೆ. ‘ಮುದ್ದಾಂ ಬಂದೆ’ ಎಂದರೆ ಅಕ್ಕರೆ. ‘ಮುದ್ದಾಂ ಒಡೆದ’ ಎಂದರೆ ಜಗಳ. ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದದ್ದು: ಇದು ಅಕ್ಕರೆಯೋ, ದೂರೋ? ಅಕ್ಕರೆಯಾದರೆ ‘ಸ್ಪೆಷಲಿ’ ಬಳಸಿ. ‘ಡೆಲಿಬರೇಟ್ಲಿ’ ಹೆಚ್ಚಾಗಿ ದೂರಿನ ಜೊತೆಗೇ ಬರುತ್ತದೆ: ಬೇಕೆಂದೇ ಸುಳ್ಳು ಹೇಳಿದ, ಗೊತ್ತಿದ್ದೂ ಬಾಗಿಲು ತೆರೆಯಲಿಲ್ಲ.

ಎರಡನೆಯದಾಗಿ, ‘ಡೆಲಿಬರೇಟ್ಲಿ’ಗೆ ಇನ್ನೊಂದು ಅರ್ಥವಿದೆ: ಅವಸರವಿಲ್ಲದೆ, ಎಚ್ಚರದಿಂದ. ನನಗೆ ಬಹಳ ಇಷ್ಟವಾದದ್ದು ಅದೇ. ಇದರ ಬೇರು ಲ್ಯಾಟಿನ್ ಭಾಷೆಯ ‘ಲಿಬ್ರಾ’, ಅಂದರೆ ತಕ್ಕಡಿ. ಕಿರಾಣಿ ಅಂಗಡಿಯಲ್ಲಿ ತೊಗರಿಬೇಳೆ ತೂಗುವುದನ್ನು ನೆನೆಯಿರಿ: ಒಂದು ಹಿಡಿ ಹಾಕಿ, ನಾಲ್ಕು ಕಾಳು ತೆಗೆದು, ಮುಳ್ಳು ನಿಲ್ಲುವವರೆಗೆ ಕಾಯುವ ಆ ಕೈ. ಮೆಟ್ಟಿಲಿನ ಮೇಲೆ ಒಂದೊಂದೇ ಕಾಲಿಟ್ಟು ಇಳಿಯುವ ಅಜ್ಜನ ನಡಿಗೆಗೂ ಇಂಗ್ಲಿಷಿನವರು ಇದೇ ಪದ ಬಳಸುತ್ತಾರೆ. ಇಲ್ಲಿ ‘ಬೇಕೆಂದೇ’ ಎಂದು ಅನುವಾದಿಸಿದರೆ ಅರ್ಥ ಕೆಡುತ್ತದೆ. ನಮ್ಮ ‘ಅಳೆದು ತೂಗಿ’ ಸರಿಯಾಗಿ ಕೂರುತ್ತದೆ, ತಕ್ಕಡಿಯೂ ಉಳಿಯುತ್ತದೆ.

ಮೂರನೆಯದು, ‘ನಾಟ್’ ಎಲ್ಲಿದೆ ನೋಡಿ. ‘ನಾಟ್’ ಮೊದಲು ಬಂದು ‘ಡೆಲಿಬರೇಟ್ಲಿ’ ನಂತರ ಬಂದರೆ, ಕೆಲಸ ಆಗಿದೆ, ಆದರೆ ಬೇಕೆಂದು ಮಾಡಿದ್ದಲ್ಲ ಎಂಬ ಅರ್ಥ ಸಾಮಾನ್ಯವಾಗಿ ಬರುತ್ತದೆ. ‘ಡೆಲಿಬರೇಟ್ಲಿ’ ಮೊದಲು ಬಂದು ‘ನಾಟ್’ ನಂತರ ಬಂದರೆ, ಬೇಕೆಂದೇ ಮಾಡಲಿಲ್ಲ ಎಂದಾಗುತ್ತದೆ. ಉತ್ತರ ಕೊಡದಿದ್ದುದಕ್ಕೆ ಕ್ಷಮೆ ಕೇಳುವ ಪತ್ರದಲ್ಲಿ ಈ ಅದಲುಬದಲು ಆದರೆ, ಕ್ಷಮೆ ಹೋಗಿ ಧಿಕ್ಕಾರ ಉಳಿಯುತ್ತದೆ. ಇದನ್ನು ಹತ್ತು ವಾಕ್ಯ ಬರೆದೇ ರೂಢಿ ಮಾಡಿಕೊಳ್ಳಿ, ಓದಿದರೆ ಸಾಲದು.

ಮನೆಮಾತಿನಲ್ಲಿ, ಮಕ್ಕಳ ಜಗಳದಲ್ಲಿ, ಇಷ್ಟು ದೊಡ್ಡ ಪದ ಬೇಡ. ‘ಆನ್ ಪರ್ಪಸ್’ ಸಾಕು. ಅದನ್ನು ಕ್ರಿಯಾಪದಕ್ಕಿಂತ ಮೊದಲು ತರಬೇಡಿ, ವಾಕ್ಯದ ಕೊನೆಗೆ ಇಡಿ.